ಹಳೇ ಡೆಸ್ಕ್‌ಟಾಪ್ ಅಪ್‌ಗ್ರೇಡ್ ಮಾಡೋದಾ, ಬಿಡೋದಾ? ದುಡ್ಡು ಬಿಚ್ಚೋ ಮುಂಚೆ ಈ ಕ್ರಮದಲ್ಲಿ ಚೆಕ್ ಮಾಡಿ

ರ‍್ಯಾಮ್ ಹಾಕಿಸ್ದೆ, ಆದ್ರೂ ಸ್ಲೋ. ಫಾರ್ಮ್ಯಾಟ್ ಹೊಡೆಸ್ದೆ, ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಗ್ರಾಫಿಕ್ಸ್ ಕಾರ್ಡ್ ತಂದೆ, ಈಗ ಸಿಸ್ಟಮ್ ಆನೇ ಆಗ್ತಿಲ್ಲ. ಹಳೇ ಡೆಸ್ಕ್‌ಟಾಪ್ ಬಗ್ಗೆ ನನ್ನ ಹತ್ರ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇವೇ, ಮತ್ತೆ ಎಲ್ಲದರಲ್ಲೂ ಆಗಿರೋ ತಪ್ಪು ಒಂದೇ: ಮೊದಲು ಪಾರ್ಟ್ ತಂದಿದಾರೆ, ಆಮೇಲೆ ತೊಂದರೆ ಎಲ್ಲಿದೆ ಅಂತ ಹುಡುಕಿದಾರೆ. ಅದನ್ನ ತಿರುಗಿಸಿ ಮಾಡ್ಬೇಕು ಅಷ್ಟೇ, ಅದಕ್ಕೇ ಈ ಕ್ರಮ.

ಉದಾಹರಣೆಗೆ ಒಂದು ನಿಜವಾದ ಮಷೀನ್ ಇಟ್ಕೊಳ್ಳೋಣ. ಸಾಗರದಲ್ಲಿ ನಮ್ಮ ಚಿಕ್ಕಪ್ಪಂದು ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಇದೆ. ಅಲ್ಲಿರೋದು 2014ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್: ಐ3-4150 ಪ್ರೊಸೆಸರ್, ಹೆಚ್81 ಬೋರ್ಡ್ (ಎಲ್ಲ ಪಾರ್ಟ್ ಕೂರೋ ಮದರ್‌ಬೋರ್ಡು), 4 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 500 ಜಿಬಿ ಹಾರ್ಡ್ ಡಿಸ್ಕ್. ನಮ್ಮ ಊರುಗಳಲ್ಲಿ ಇವತ್ತೂ ಓಡ್ತಿರೋ ಸಾವಿರಾರು ಡೆಸ್ಕ್‌ಟಾಪ್ ಹೆಚ್ಚುಕಡಿಮೆ ಇದೇ ಜಾತಕದವು. ರಿಪೇರಿಗೆ ಬಂದವರು "ಪೂರ್ತಿ ಹೋಗಿದೆ, ಹೊಸದು ತಗೊಳ್ಳಿ" ಅಂದಿದ್ರಂತೆ. ಹೋಗಿರಲಿಲ್ಲ. ಆದ್ರೆ ಅದನ್ನ ತಿಳ್ಕೊಳ್ಳೋಕೆ ಒಂದು ಮಧ್ಯಾಹ್ನ ಬೇಕಾಯ್ತು.

ಏನೇನು ಬೇಕು

ಸ್ಟಾರ್ ತಲೆಯ ಸ್ಕ್ರೂಡ್ರೈವರ್ ಒಂದು, ಮೆತ್ತಗಿನ ಪೇಂಟ್ ಬ್ರಷ್, ಥರ್ಮಲ್ ಪೇಸ್ಟ್‌ನ (ಪ್ರೊಸೆಸರ್ ಬಿಸಿನ ಕೂಲರ್‌ಗೆ ದಾಟಿಸೋ ಪೇಸ್ಟು) ಚಿಕ್ಕ ಟ್ಯೂಬು, ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಡಿಸ್ಕ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಒಂದು ನೋಟ್‌ಬುಕ್ಕು. ಸಾಫ್ಟ್‌ವೇರಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ನೋಡೋಕೆ), ಸಿಪಿಯು-ಝೆಡ್ (ಪಾರ್ಟ್‌ಗಳ ಹೆಸರು ನೋಡೋಕೆ), ಹೆಚ್‌ಡಬ್ಲ್ಯೂಇನ್ಫೋ (ಬಿಸಿ, ವೋಲ್ಟ್ ನೋಡೋಕೆ), ಮೂರೂ ಫ್ರೀ, ಆದ್ರೆ ಆಯಾ ಸಾಫ್ಟ್‌ವೇರ್ ಮಾಡಿದವರ ಸೈಟಿಂದಾನೇ ಇಳಿಸ್ಕೊಳ್ಳಿ, ಸರ್ಚಲ್ಲಿ ಮೇಲೆ ಬರೋ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಬೇಡಿ.

ಮಾತಿಗೆ ಇನ್ನೊಂದು: ನಮ್ಮಲ್ಲಿ ಪೂರ್ತಿ ಡಬ್ಬಕ್ಕೇ ಸಿಪಿಯು ಅಂತಾರೆ. ಅಂಗಡೀಲಿ "ಸಿಪಿಯು ಚೇಂಜ್ ಮಾಡ್ಬೇಕು" ಅಂದ್ರೆ ಅವರು ಒಂದು ಅರ್ಥ ಮಾಡ್ಕೋತಾರೆ, ನೀವು ಇನ್ನೊಂದು ಅಂದ್ಕೊಂಡಿರ್ತೀರಿ. ಇಲ್ಲಿ ನಾನು ಡಬ್ಬಕ್ಕೆ ಕ್ಯಾಬಿನೆಟ್ ಅಂತೀನಿ, ಒಳಗಿನ ಚಿಪ್‌ಗೆ ಪ್ರೊಸೆಸರ್ ಅಂತೀನಿ.

ಹಂತ 1: ಎಲ್ಲಕ್ಕಿಂತ ಮೊದಲು ಬ್ಯಾಕಪ್

ಇದನ್ನ ಬಿಟ್ಟು ಮುಂದೆ ಹೋಗ್ಲೇಬೇಡಿ. ಹತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕ್ ಯಾವಾಗ ಕೈ ಕೊಡತ್ತೆ ಹೇಳಕ್ಕಾಗಲ್ಲ, ಟೆಸ್ಟ್ ಮಾಡೋವಾಗ್ಲೇ ಹೋಗಿರೋದು ನೋಡಿದೀನಿ. ಮೊದಲು ಮತ್ತೆ ಸಿಗದೇ ಇರೋದು: ಮನೆ ಫೋಟೋ, ಲೆಕ್ಕದ ಡೇಟಾ, ಮಕ್ಕಳ ಮಾರ್ಕ್ಸ್‌ಕಾರ್ಡ್ ಸ್ಕ್ಯಾನು. ಸಿನಿಮಾ, ಸೆಟಪ್ ಫೈಲು ಎಲ್ಲ ಕೊನೆಗೆ.

ಡಿಸ್ಕಿಂದ ಟಕ್, ಟಕ್ ಅಂತ ಸದ್ದು ಬರ್ತಿದ್ರೆ, ಅಥವಾ ಒಂದು ಫೋಲ್ಡರ್ ತೆಗೆಯೋಕೆ ನಿಮಿಷಗಟ್ಟಲೆ ತಗೋತಿದ್ರೆ, ಡಿಫ್ರಾಗ್ ಮಾಡೋದು, ಚೆಕ್‌ಡಿಸ್ಕ್ ಓಡಿಸೋದು ಬೇಡವೇ ಬೇಡ. ಸಾಯ್ತಿರೋ ಡಿಸ್ಕನ್ನ ಅವು ಮೂಲೆಮೂಲೆ ಓದಿಸಿ ಇನ್ನೂ ಬೇಗ ಮುಗಿಸ್ತವೆ. ಬೇಕಾಗಿದ್ದನ್ನ ಕಾಪಿ ಮಾಡಿ, ಆಫ್ ಮಾಡಿಬಿಡಿ.

ಹಂತ 2: ಏನು ಸ್ಲೋ ಅಂತ ಬರೆದಿಡಿ

"ಎಲ್ಲಾ ಸ್ಲೋ" ಅನ್ನೋದು ಉತ್ತರ ಅಲ್ಲ. ಸ್ವಿಚ್ ಒತ್ತಿದ ಮೇಲೆ ಎಷ್ಟು ನಿಮಿಷಕ್ಕೆ ಬ್ರೌಸರ್ ತೆರೀತು, ದಿನಾ ಮಾಡೋ ಕೆಲಸದಲ್ಲಿ ಎಲ್ಲಿ ಕಾಯ್ತೀರಿ, ಗಡಿಯಾರ ನೋಡಿ ಬರೀರಿ. ಚಿಕ್ಕಪ್ಪನ ಅಂಗಡೀಲಿ 9 ಗಂಟೆ 10 ನಿಮಿಷಕ್ಕೆ ಸ್ವಿಚ್ ಹಾಕಿದ್ವಿ, ಮೊದಲನೇ ಪಿಡಿಎಫ್ ತೆರ್ಕೊಂಡಾಗ 9 ಗಂಟೆ 19 ನಿಮಿಷ. ಕೌಂಟರ್ ಮುಂದೆ ಆಗ್ಲೇ ಮೂರು ಜನ ನಿಂತಿದ್ರು. ಆದ್ರೆ ಒಂದು ಸಲ ಎಲ್ಲ ತೆರೆದ ಮೇಲೆ ಕೆಲಸ ಸುಮಾರಾಗಿ ನಡೀತಿತ್ತು. ಇದೇ ದೊಡ್ಡ ಸುಳಿವು: ಶುರು ಮಾಡೋವಾಗ ಮಾತ್ರ ನಿಧಾನ ಅಂದ್ರೆ ಅನುಮಾನ ಡಿಸ್ಕ್ ಮೇಲೆ. ತುಂಬಾ ಟ್ಯಾಬ್ ತೆರೆದಾಗ ನಿಧಾನ ಅಂದ್ರೆ ರ‍್ಯಾಮ್. ವಿಡಿಯೋ ಎಡಿಟಿಂಗು, ಎಕ್ಸ್‌ಪೋರ್ಟು ಮಾಡೋವಾಗ ಮಾತ್ರ ಅಂದ್ರೆ ಪ್ರೊಸೆಸರ್. ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಎಳೆದಾಡತ್ತೆ ಅಂದ್ರೆ ಬಿಸಿ.

ಹಂತ 3: ಟಾಸ್ಕ್ ಮ್ಯಾನೇಜರ್‌ನಲ್ಲಿ ಅನುಮಾನ ಪರೀಕ್ಷೆ ಮಾಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ. ಸಿಸ್ಟಮ್ ಎಳೆದಾಡ್ತಿರೋ ಟೈಮಲ್ಲೇ ನೋಡ್ಬೇಕು, ಸುಮ್ನೆ ಕೂತಿರೋವಾಗ ನೋಡಿದ್ರೆ ಏನೂ ಗೊತ್ತಾಗಲ್ಲ.

ಡಿಸ್ಕ್ ಆಕ್ಟಿವ್ ಟೈಮ್ 100 ಪರ್ಸೆಂಟಲ್ಲಿ ಅಂಟ್ಕೊಂಡಿದೆ, ಪ್ರೊಸೆಸರ್ ಮಾತ್ರ 20 ಪರ್ಸೆಂಟಲ್ಲಿ ಆರಾಮಾಗಿದೆ ಅಂದ್ರೆ ಪ್ರೊಸೆಸರ್ ಡಿಸ್ಕಿಗೋಸ್ಕರ ಕಾಯ್ತಾ ಕೂತಿದೆ ಅಂತ. ಅಲ್ಲೇ ಕೆಳಗೆ ಆವರೇಜ್ ರೆಸ್ಪಾನ್ಸ್ ಟೈಮ್ ಅಂತ ಇರತ್ತೆ, ಅದು ನೂರಾರು ಮಿಲಿಸೆಕೆಂಡ್ ತೋರಿಸ್ತಿದ್ರೆ ಇನ್ನೇನೂ ಬೇಡ. ಇಂಥ ಮಷೀನ್‌ಗೆ ಹೊಸ ಪ್ರೊಸೆಸರ್ ಹಾಕಿದ್ರೆ ಅದೂ ಕಾಯತ್ತೆ ಅಷ್ಟೇ.

ಮೆಮೊರಿ ಕಡೆ ಬಂದ್ರೆ, ನಿಮ್ಮ ದಿನದ ಕೆಲಸ ಎಲ್ಲ ತೆರೆದಿಟ್ಟು ಎಷ್ಟು ಬಳಕೆ ಅಂತ ನೋಡಿ. 85 ಪರ್ಸೆಂಟ್ ದಾಟಿದ್ರೆ ಸಾಲ್ತಿಲ್ಲ ಅಂತ ಅರ್ಥ. ಅಲ್ಲೇ ಎಷ್ಟು ಸ್ಲಾಟಲ್ಲಿ ಎಷ್ಟು ತುಂಬಿದೆ ಅಂತಾನೂ ತೋರ್ಸತ್ತೆ, ಬರ್ಕೊಳ್ಳಿ. ಒಂದು ಮೋಸ ಇದೆ ಇಲ್ಲಿ: ರ‍್ಯಾಮ್ ಸಾಲದೇ ಇದ್ದಾಗ ವಿಂಡೋಸ್ ಡಿಸ್ಕಲ್ಲೇ ಪೇಜ್ ಫೈಲ್ ಅಂತ ಜಾಗ ಬಳಸತ್ತೆ, ಆಗ ಡಿಸ್ಕೂ 100 ತೋರ್ಸತ್ತೆ. ಮೆಮೊರಿ, ಡಿಸ್ಕ್ ಎರಡೂ ಒಟ್ಟಿಗೆ ತುಂಬಿದ್ರೆ ಎರಡೂ ಬೇಕಾಗತ್ತೆ ಅಂದ್ಕೊಳ್ಳಿ.

ಹಳೇ ಸಿಸ್ಟಮಲ್ಲಿ 32 ಬಿಟ್ ವಿಂಡೋಸ್ ಇದ್ಯಾ ಅಂತಾನೂ ನೋಡಿ. ಅದು 4 ಜಿಬಿಗಿಂತ ಹೆಚ್ಚು ಬಳಸಲ್ಲ, 8 ಹಾಕಿದ್ರೂ ದಂಡ.

ಹಂತ 4: ಡಿಸ್ಕಿನ ಆರೋಗ್ಯ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೀರಿ. ನೀಲಿ ಬಣ್ಣದ ಗುಡ್ ಅಂತ ಇದ್ರೆ ಸರಿ, ಹಳದಿ ಕಾಷನ್ ಅಂದ್ರೆ ಹುಷಾರು, ಕೆಂಪು ಬ್ಯಾಡ್ ಅಂದ್ರೆ ಇವತ್ತೇ ಬದಲಾಯ್ಸಿ. ಬಣ್ಣ ನೋಡಿ ಬಿಡಬೇಡಿ, ಮೂರು ಸಾಲು ಓದಿ: 05 ಅಂದ್ರೆ ಕೆಟ್ಟು ಬದಲಾದ ಸೆಕ್ಟರ್ (ಡಿಸ್ಕಲ್ಲಿ ಡೇಟಾ ಇಡೋ ಪುಟ್ಟ ತುಂಡು), ಸಿ5 ಅಂದ್ರೆ ಓದಕ್ಕಾಗದೆ ಬಾಕಿ ಇರೋ ಸೆಕ್ಟರ್, ಸಿ6 ಅಂದ್ರೆ ಸರಿಮಾಡಕ್ಕಾಗದ ಸೆಕ್ಟರ್. ಮೂರರಲ್ಲೂ ಸೊನ್ನೆ ಇರ್ಬೇಕು.

ಚಿಕ್ಕಪ್ಪನ ಡಿಸ್ಕಲ್ಲಿ ಸಿ5 ಸಾಲಲ್ಲಿ ಉದ್ದಕ್ಕೆ ಸೊನ್ನೆ ಸೊನ್ನೆ ಇದ್ದು ಕೊನೇಲಿ 18 ಅಂತಿತ್ತು. ಹದಿನೆಂಟು ಅಂದ್ಕೋಬೇಡಿ, ಆ ಸಾಫ್ಟ್‌ವೇರ್ ಸುಮ್ನೆ ತೆರೆದಾಗ ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಗುಂಪಲ್ಲಿ ಎಣಿಸೋದು) ತೋರ್ಸತ್ತೆ, ಅದು ನಮ್ಮ ಲೆಕ್ಕದಲ್ಲಿ 24. ಇಪ್ಪತ್ನಾಲ್ಕು ಸೆಕ್ಟರ್ ಓದಕ್ಕಾಗ್ದೆ ಬಾಕಿ ಬಿದ್ದಿದ್ವು. ಅವು ಇರೋ ಫೈಲ್ ಮುಟ್ಟಿದಾಗೆಲ್ಲ ಡಿಸ್ಕ್ ಮತ್ತೆ ಮತ್ತೆ ಓದೋಕೆ ಪ್ರಯತ್ನ ಪಡತ್ತೆ, ನಮಗೆ ಹ್ಯಾಂಗ್ ಆದ ಹಾಗೆ ಕಾಣತ್ತೆ. ಫಾರ್ಮ್ಯಾಟ್ ಹೊಡೆಸಿದ್ರೆ ಹದಿನೈದು ದಿನ ಮಾತ್ರ ಚೆನ್ನಾಗಿರೋದು ಎಷ್ಟೋ ಸಲ ಇದಕ್ಕೇ, ಫಾರ್ಮ್ಯಾಟ್ ಡಿಸ್ಕನ್ನ ರಿಪೇರಿ ಮಾಡಲ್ಲ.

ಹಂತ 5: ಕ್ಯಾಬಿನೆಟ್ ಬಿಚ್ಚಿ ನೋಡಿ

ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಆಮೇಲೆ ಎಡಗಡೆ ಪ್ಲೇಟ್ ತೆಗೀರಿ. ಕ್ಯಾಬಿನೆಟ್‌ನ ಕಬ್ಬಿಣ ಒಂದ್ಸಲ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಹೋಗಲಿ.

ಮೊದಲು ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿ. ಇಂಟೆಲ್ ಜೊತೆ ಬರೋ ದುಂಡನೆ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲು ಇರ್ತವೆ, ವರ್ಷ ಕಳೆದ ಹಾಗೆ ಒಂದು ಕಾಲು ಮೇಲೆದ್ದು ಕೂಲರ್ ಸ್ವಲ್ಪ ವಾಲ್ಕೊಂಡಿರತ್ತೆ, ಕಣ್ಣಿಗೆ ಕಾಣಲ್ಲ, ಬೆರಳಲ್ಲಿ ಅಲ್ಲಾಡಿಸಿದ್ರೆ ಗೊತ್ತಾಗತ್ತೆ. ಸಾಗರದಲ್ಲೂ ಅದೇ ಆಗಿತ್ತು. ಫ್ಯಾನ್ ಎತ್ತಿದ್ರೆ ಕೆಳಗಿನ ಅಲ್ಯುಮಿನಿಯಂ ಕಡ್ಡಿಗಳ ಮೇಲೆ ಧೂಳು ಕಂಬಳಿ ತುಂಡಿನ ಹಾಗೆ ಹೆಣೆದ್ಕೊಂಡಿತ್ತು, ಬೆರಳಲ್ಲಿ ಹಿಡಿದು ಎಳೆದ್ರೆ ಇಡಿಯಾಗಿ ಬಂತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಹೆಚ್‌ಡಬ್ಲ್ಯೂಇನ್ಫೋದಲ್ಲಿ ಕೆಲಸ ಮಾಡೋವಾಗ 97 ಡಿಗ್ರಿ ತೋರಿಸ್ತಿದ್ದದ್ದು, ಧೂಳು ತೆಗೆದು, ಅವರೆಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಕಾಲುಗಳನ್ನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಒತ್ತಿ ಕೂರಿಸಿದ ಮೇಲೆ 68ಕ್ಕೆ ಇಳೀತು. 100 ಡಿಗ್ರಿ ಹತ್ರ ಬಂದ್ರೆ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸ್ಕೊಳ್ಳತ್ತೆ, ಹಾಗಾಗಿ ಎಷ್ಟೋ "ಹಳೇ ಪ್ರೊಸೆಸರ್" ಬರೀ ಬಿಸಿಯಾಗಿರೋ ಪ್ರೊಸೆಸರ್.

ಫ್ಯಾನ್‌ಗೆ ಬ್ರಷ್ ಹಾಕೋವಾಗ ಬೆರಳಲ್ಲಿ ರೆಕ್ಕೆ ಹಿಡ್ಕೊಳ್ಳಿ. ಬ್ಲೋಯರ್ ಹಿಡಿದು ಬೊರ್ರ್ ಅಂತ ತಿರುಗಿಸಬೇಡಿ, ಬೇರಿಂಗ್ ಹೋಗತ್ತೆ.

ಆಮೇಲೆ ಬೋರ್ಡ್ ಮೇಲೆ ನಿಂತಿರೋ ಪುಟ್ಟ ಡ್ರಮ್ಮಿನಂಥ ಕೆಪಾಸಿಟರ್‌ಗಳನ್ನ ಟಾರ್ಚ್ ಬಿಟ್ಟು ನೋಡಿ. ತಲೆ ಸಮತಟ್ಟಾಗಿರ್ಬೇಕು. ಉಬ್ಬಿದ್ರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ರೆ ಇಲ್ಲಿಗೇ ನಿಲ್ಲಿಸಿ, ಆ ಬೋರ್ಡ್ ಮೇಲೆ ಒಂದು ರೂಪಾಯಿನೂ ಹಾಕಬೇಡಿ. ದಿನಾ ಟೈಮು, ಡೇಟು ಹಿಂದಕ್ಕೆ ಹೋಗ್ತಿದ್ರೆ ಹೆದರಬೇಡಿ, ಸಿಆರ್2032 ನಾಣ್ಯದ ಸೆಲ್ ಬದಲಾಯಿಸಿದ್ರೆ ಸಾಕು.

ಇದ್ದಕ್ಕಿದ್ದ ಹಾಗೆ ರೀಸ್ಟಾರ್ಟ್ ಆಗ್ತಿದ್ರೆ ಎಸ್‌ಎಂಪಿಎಸ್ ಮೇಲೆ, ಅಂದ್ರೆ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬಿ ಮೇಲೆ ಅನುಮಾನ. ಹೆಚ್‌ಡಬ್ಲ್ಯೂಇನ್ಫೋದಲ್ಲಿ 12 ವೋಲ್ಟ್ ಸಾಲು 11.4ಕ್ಕಿಂತ ಕೆಳಗೆ ಬರಬಾರದು. ಆದ್ರೆ ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆ ಪ್ಲಗ್ಗಿಗೆ ಹಾಕಿ ಒಂದು ದಿನ ನೋಡಿ. ನಮ್ಮ ಮಲೆನಾಡಲ್ಲಿ ಮಳೆಗಾಲದಲ್ಲಿ ಕರೆಂಟ್ ಹತ್ತಾರು ಸಲ ಹೋಗಿ ಬರತ್ತೆ, ಯುಪಿಎಸ್ ಬ್ಯಾಟರಿ ಸತ್ತಿರೋದಕ್ಕೆ ಕಂಪ್ಯೂಟರ್ ಬೈಸ್ಕೊಳ್ಳತ್ತೆ.

ಹಂತ 6: ಮಷೀನ್ ಯಾವ ತಲೆಮಾರಿನದು, ವಿಂಡೋಸ್ ಕಥೆ ಏನು

ಸಿಪಿಯು-ಝೆಡ್ ತೆರೆದ್ರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಹೆಸರು ಎಲ್ಲ ಸಿಗತ್ತೆ. ಇಂಟೆಲ್‌ನಲ್ಲಿ ಗೆರೆ ಆದ್ಮೇಲಿನ ಅಂಕಿ ತಲೆಮಾರು: ಐ3-4150 ನಾಲ್ಕನೇದು, ಐ5-8500 ಎಂಟನೇದು, ಐ3-12100 ಹನ್ನೆರಡನೇದು. ಐ7 ಅಂದ ತಕ್ಷಣ ದೊಡ್ಡದು ಅಂದ್ಕೋಬೇಡಿ, ಮೂರನೇ ತಲೆಮಾರಿನ ಐ7-3770ನ್ನ ಐ3-12100 ಸುಲಭವಾಗಿ ಹಿಂದೆ ಹಾಕತ್ತೆ.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮನೆ ಬಳಕೆಯವರಿಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಅಂತ 2026ರ ಅಕ್ಟೋಬರ್ 13ರವರೆಗೆ ಕೊಟ್ಟಿದಾರೆ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡಿಲ್ಲದೆ ಸಿಗತ್ತೆ, ವರ್ಷನ್ 22ಹೆಚ್2 ಇರ್ಬೇಕು. ವಿಂಡೋಸ್ 11ಕ್ಕೆ ಇಂಟೆಲ್ ಎಂಟನೇ ತಲೆಮಾರು ಅಥವಾ ಎಎಂಡಿ ರೈಝೆನ್ 2000 ಸರಣಿಯಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಬೇಕು. ಎಂಟರಿಂದ ಮೇಲಿನ ಎಷ್ಟೋ ಬೋರ್ಡಲ್ಲಿ ಟಿಪಿಎಂ ಇದ್ದೂ ಬಯೋಸಲ್ಲಿ (ವಿಂಡೋಸ್‌ಗಿಂತ ಮೊದಲು ಓಡೋ ಬೋರ್ಡಿನ ಸೆಟ್ಟಿಂಗಲ್ಲಿ) ಆಫ್ ಆಗಿರತ್ತೆ, ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹುಡುಕಿ ಆನ್ ಮಾಡಿ. ಇದನ್ನ ನೋಡದೇ ಒಳ್ಳೇ ಮಷೀನ್ ಮಾರಿದವರು ಇದಾರೆ, ಹೊಟ್ಟೆ ಉರಿಯತ್ತೆ.

ಏಳು ಮತ್ತೆ ಅದಕ್ಕಿಂತ ಹಿಂದಿನ ಬಹುತೇಕ ಎಲ್ಲಕ್ಕೂ ಅಧಿಕೃತವಾಗಿ 11 ಇಲ್ಲ. ಚೆಕ್ ತಪ್ಪಿಸಿ ಹಾಕೋ ದಾರಿಗಳಿವೆ, ಆದ್ರೆ ಮುಂದೆ ಅಪ್‌ಡೇಟ್ ಬರತ್ತೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡಲ್ಲ, ಜನರ ಆಧಾರ್, ಬ್ಯಾಂಕ್ ಪೇಮೆಂಟ್ ಓಡಾಡೋ ಮಷೀನ್‌ಗೆ ನಾನು ಹಾಕಲ್ಲ. ಕೋರ್ 2 ಡ್ಯುಯೋ ಮಷೀನಲ್ಲಂತೂ ವಿಂಡೋಸ್ 11ರ 24ಹೆಚ್2 ಬೂಟೇ ಆಗಲ್ಲ, ಅದಕ್ಕೆ ಬೇಕಾದ ಇನ್‌ಸ್ಟ್ರಕ್ಷನ್ ಆ ಚಿಪ್ಪಲ್ಲಿಲ್ಲ. ಬರೀ ಬ್ರೌಸಿಂಗು, ಮೇಲು, ಮಕ್ಕಳ ಓದು ಅಷ್ಟೇ ಇದ್ರೆ ಪೆನ್‌ಡ್ರೈವಲ್ಲಿ ಲಿನಕ್ಸ್ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೇನೇ ಓಡಿಸಿ ನೋಡ್ಬೋದು, ಪ್ರಿಂಟರು ಕೆಲಸ ಮಾಡತ್ತಾ ಅಂತ ಅಲ್ಲೇ ಗೊತ್ತಾಗತ್ತೆ.

ಹಂತ 7: ಸರಪಳಿ ಎಳೆದು ನೋಡಿ

ನಿರ್ಧಾರ ಆಗೋದು ಇಲ್ಲೇ. ಹಾಕಬೇಕು ಅಂದ್ಕೊಂಡ ಪಾರ್ಟ್ ಹೆಸರು ನೋಟ್‌ಬುಕ್ಕಲ್ಲಿ ಬರೀರಿ, ಅದರ ಮುಂದೆ "ಇದಕ್ಕೆ ಇನ್ನೇನು ಬೇಕು" ಅಂತ ಕೇಳ್ತಾ ಹೋಗಿ.

ಸಾಟಾ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಹಾರ್ಡ್ ಡಿಸ್ಕಿನ ಥರದ್ದೇ ಕನೆಕ್ಟರಿಗೆ ಕೂರೋ ವೇಗದ ಡಿಸ್ಕ್): ಒಂದು ಕೇಬಲ್, ಅಷ್ಟೇ, ಸರಪಳಿ ಮುಗೀತು. ಅದೇ ಬೋರ್ಡಿಗೆ ಇನ್ನೊಂದು ರ‍್ಯಾಮ್ ಸ್ಟಿಕ್: ಏನೂ ಬೇಡ. ಹೊಸ ತಲೆಮಾರಿನ ಪ್ರೊಸೆಸರ್: ಹೊಸ ಬೋರ್ಡ್ ಬೇಕು, ಬೋರ್ಡಿಗೆ ಡಿಡಿಆರ್4 ಅಥವಾ ಡಿಡಿಆರ್5 ರ‍್ಯಾಮ್ ಬೇಕು ಯಾಕಂದ್ರೆ ಡಿಡಿಆರ್3 ಸ್ಲಾಟಲ್ಲೇ ಕೂರಲ್ಲ, ಕಚ್ಚು ಬೇರೆ ಜಾಗದಲ್ಲಿದೆ. ಹಳೇ ಎಸ್‌ಎಂಪಿಎಸ್‌ನ ನಂಬಕ್ಕಾಗಲ್ಲ, ಮಷೀನ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಆ ಬೋರ್ಡಿಗೇ ಅಂಟ್ಕೊಂಡಿರತ್ತೆ. ಕೊನೆಗೆ ಹಳೇದರಲ್ಲಿ ಉಳಿಯೋದು ಕ್ಯಾಬಿನೆಟ್ ತಗಡು ಮಾತ್ರ. ಇದು ಅಪ್‌ಗ್ರೇಡ್ ಅಲ್ಲ, ಕಂತಲ್ಲಿ ಹೊಸ ಕಂಪ್ಯೂಟರ್ ತಗೊಳ್ಳೋದು.

ನನ್ನ ನಿಯಮ ಇಷ್ಟೇ: ಒಂದು ಪಾರ್ಟ್ ಇನ್ನೊಂದು ದೊಡ್ಡ ಪಾರ್ಟ್ ಕೇಳಿದ್ರೆ ನಿಲ್ಲಿಸ್ತೀನಿ. ಎರಡನೇದು, ಎಲ್ಲ ಸೇರಿಸಿದ ಖರ್ಚು ಒಂದು ಒಳ್ಳೇ ಎಂಟನೇ ತಲೆಮಾರಿನ ರೀಫರ್ಬಿಶ್ಡ್ (ಬಳಸಿದ್ದನ್ನ ಸರಿಮಾಡಿ ಮಾರೋ) ಡೆಸ್ಕ್‌ಟಾಪ್ ಬೆಲೆಯ ಮೂರನೇ ಒಂದು ಭಾಗ ದಾಟಿದ್ರೂ ನಿಲ್ಲಿಸ್ತೀನಿ. 2025ರ ಕೊನೆಯಿಂದ ರ‍್ಯಾಮ್ ರೇಟ್ ಸಿಕ್ಕಾಪಟ್ಟೆ ಏರಿದೆ, ಹಾಗಾಗಿ ಹೋದ ವರ್ಷ ಯಾರೋ ಹೇಳಿದ ಬಜೆಟ್ ನೆಚ್ಕೋಬೇಡಿ, ಅವತ್ತಿನ ರೇಟ್ ಕೇಳಿ ಬರೀರಿ.

ಹಂತ 8: ಮಾಡೋದು ಅಂತ ಆದ್ರೆ, ಯಾವುದು ಮೊದಲು

ಮೊದಲು ಎಸ್‌ಎಸ್‌ಡಿ. 256 ಜಿಬಿ ಸಾಕು, 128 ಬೇಡ, ವಿಂಡೋಸ್ ಅಪ್‌ಡೇಟಿಗೇ ಇಕ್ಕಟ್ಟಾಗತ್ತೆ. ನಾಲ್ಕನೇ ತಲೆಮಾರಿನ ಬೋರ್ಡಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿನೇ ತಗೊಳ್ಳಿ, ಎನ್‌ವಿಎಂಇ ಕಡ್ಡಿ (ಬೋರ್ಡಿಗೇ ನೇರ ಚುಚ್ಚೋ ಎಸ್‌ಎಸ್‌ಡಿ) ತಂದ್ರೆ ಬಹುತೇಕ ಬೋರ್ಡಲ್ಲಿ ಹಾಕೋಕೆ ಜಾಗ ಇರಲ್ಲ, ಅಡಾಪ್ಟರ್ ಹಾಕಿದ್ರೂ ಬಯೋಸ್ ಸಾಮಾನ್ಯವಾಗಿ ಅದರಿಂದ ಬೂಟ್ ಮಾಡ್ಕೊಳ್ಳಲ್ಲ. ಹೆಚ್81 ಬೋರ್ಡಲ್ಲಿ ನಾಲ್ಕು ಸಾಟಾ ಪೋರ್ಟಲ್ಲಿ ಎರಡು ಮಾತ್ರ 6 ಗಿಗಾಬಿಟ್, ಅದರಲ್ಲೊಂದಕ್ಕೆ ಚುಚ್ಚಿ. ಹೆಚ್61 ಬೋರ್ಡಲ್ಲಿ ಇರೋದೇ 3 ಗಿಗಾಬಿಟ್, ಆದ್ರೂ ಹಾಕಿ, ಹಾರ್ಡ್ ಡಿಸ್ಕಿಗಿಂತ ಎಷ್ಟೋ ವಾಸಿ.

ಬಯೋಸಲ್ಲಿ ಸಾಟಾ ಮೋಡ್ ಎಹೆಚ್‌ಸಿಐ ಇರಲಿ. ವಿಂಡೋಸ್ ಹೊಸದಾಗಿ ಹಾಕೋವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇದನ್ನ ಮರೆತು ಕೆಟ್ಟವರೇ ಜಾಸ್ತಿ: ಎರಡೂ ಇದ್ದಾಗ ವಿಂಡೋಸ್ ತನ್ನ ಬೂಟ್ ಫೈಲನ್ನ ಎಷ್ಟೋ ಸಲ ಹಳೇ ಡಿಸ್ಕಲ್ಲಿ ಬರೆದುಬಿಡತ್ತೆ, ಆರು ತಿಂಗಳಾದ್ಮೇಲೆ ಹಳೇದು ಸತ್ತಾಗ ಎಸ್‌ಎಸ್‌ಡಿ ಗಟ್ಟಿಯಾಗಿದ್ರೂ ಸಿಸ್ಟಮ್ ಏಳಲ್ಲ. ಆನ್‌ಲೈನಲ್ಲಿ ಪುಡಿಗಾಸಿಗೆ 4 ಟಿಬಿ ಅಂತ ಬರೋ ಎಸ್‌ಎಸ್‌ಡಿ ಮುಟ್ಟಬೇಡಿ, ಒಳಗೆ ಇರೋದು ಮೆಮೊರಿ ಕಾರ್ಡು.

ಎರಡನೇದು ರ‍್ಯಾಮ್. ಒಟ್ಟು 8 ಜಿಬಿ ಮಾಡಿ, ಎರಡು ಸ್ಟಿಕ್ ಆದ್ರೆ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಬಳಸೋದು) ಸಿಗತ್ತೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನ್‌ಗೆ ಅದು ತುಂಬಾ ಒಳ್ಳೇದು. "ಎಎಂಡಿ ಬೋರ್ಡಿಗೆ ಮಾತ್ರ" ಅಂತ ಸಣ್ಣಕ್ಷರದಲ್ಲಿ ಬರೆದಿರೋ ಅಗ್ಗದ ಡಿಡಿಆರ್3 ಸ್ಟಿಕ್ ಇಂಟೆಲ್ ಬೋರ್ಡಲ್ಲಿ ಓಡಲ್ಲ. ಹಾಕಿದ ರಾತ್ರಿ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷೆ ಮಾಡೋ ಸಾಫ್ಟ್‌ವೇರ್) ಓಡಿಸಿಟ್ಟು ಮಲಗಿ, ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ವಾಪಸ್ ಕೊಡಿ.

ಮೂರನೇದು ಎಲ್ಲರಿಗೂ ಬೇಕಾಗಲ್ಲ. ಅದೇ ಬೋರ್ಡಿಗೆ ಕೂರೋ ಸೆಕೆಂಡ್ ಹ್ಯಾಂಡ್ ಐ5-4570 ಕಮ್ಮಿಗೆ ಸಿಕ್ಕಿದ್ರೆ, ನಿಜವಾಗ್ಲೂ ಪ್ರೊಸೆಸರ್ 100 ಮುಟ್ತಿದ್ರೆ ಮಾತ್ರ. ಐ3-4150 54 ವ್ಯಾಟಿಂದು, ಇದು 84 ವ್ಯಾಟು, ಬಿಸಿ ನೋಡ್ಕೊಳ್ಳಿ, ಬೋರ್ಡ್ ಕಂಪನಿಯ ಸಪೋರ್ಟ್ ಲಿಸ್ಟಲ್ಲಿ ಹೆಸರು ಹುಡುಕಿ. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಂದ 75 ವ್ಯಾಟ್ ಮಾತ್ರ ಸಿಗೋದು, ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡನ್ನ ಕಮ್ಮಿ ತೂಕದ ಲೋಕಲ್ ಎಸ್‌ಎಂಪಿಎಸ್‌ಗೆ ಕನ್ವರ್ಟರ್ ವೈರ್ ಹಾಕಿ ಓಡಿಸಿದ್ರೆ ಕನೆಕ್ಟರ್ ಕರಗಬೋದು. ಸಣ್ಣ ಸೈಜಿನ ಬ್ರ್ಯಾಂಡೆಡ್ ಆಫೀಸ್ ಮಷೀನಲ್ಲಿ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ ಥರ ಇರತ್ತೆ, ಮಾಮೂಲಿದು ಕೂರಲ್ಲ.

ಹಂತ 9: ಬೇಡ, ಬೇರೆ ತಗೊಳ್ಳೋದು ಅಂತ ಆದ್ರೆ

ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಿ ಅಥವಾ ನಿಮ್ಮ ಊರಿನ ಅಂಗಡಿಗೆ ಹೋಗಿ, "ಐ5, 8 ಜಿಬಿ" ಅಂದ್ರೆ ಸಾಲದು, ತಲೆಮಾರು ಬಾಯಿಬಿಟ್ಟು ಕೇಳಿ, ಆನ್ ಮಾಡ್ಸಿ ಕಣ್ಣಾರೆ ನೋಡಿ. ಆರನೇ, ಏಳನೇ ತಲೆಮಾರಿನವು ರಾಶಿ ರಾಶಿ ಬರ್ತಿವೆ, ಫಳಫಳ ಅಂತಿರ್ತವೆ, ಆದ್ರೆ ವಿಂಡೋಸ್ 11 ವಿಷಯದಲ್ಲಿ ನಿಮ್ಮ ಹಳೇದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಐದಾರು ದಿನದ ಟೆಸ್ಟಿಂಗ್ ವಾರಂಟಿ ಅಂದ್ರೆ ಒಪ್ಕೋಬೇಡಿ, ಸೀರಿಯಲ್ ನಂಬರ್ ಬರೆದಿರೋ ಬಿಲ್ ತಗೊಳ್ಳಿ. ಹಳೇ ಮಾನಿಟರ್‌ಗೆ ಬರೀ ವಿಜಿಎ ಇದ್ರೆ ಹೊಸದರಲ್ಲಿ ಆ ಪೋರ್ಟ್ ಇದ್ಯಾ ಅಂತಾನೂ ಕೇಳಿ.

ಹಂತ 10: ಹಳೇ ಹಾರ್ಡ್ ಡಿಸ್ಕ್ ಕೈ ಬಿಡೋ ಮುಂಚೆ

ಸಾಗರದ ಮಷೀನ್‌ಗೆ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಸ್ಟಿಕ್, ಪೇಸ್ಟ್, ಇಷ್ಟೇ ಹಾಕಿದ್ದು. ಈಗ ಸ್ವಿಚ್ ಹಾಕಿ ಒಂದು ನಿಮಿಷದೊಳಗೆ ಪಿಡಿಎಫ್ ತೆರೀತಿದೆ, ಸೆಕ್ಯುರಿಟಿ ಅಪ್‌ಡೇಟ್ ನಿಲ್ಲೋ ಹೊತ್ತಿಗೆ ಎಂಟನೇ ತಲೆಮಾರಿಂದು ತರೋದು ಅಂತ ಚಿಕ್ಕಪ್ಪ ತಿಂಗಳು ತಿಂಗಳು ಸ್ವಲ್ಪ ಎತ್ತಿಡ್ತಿದಾರೆ, ಎಸ್‌ಎಸ್‌ಡಿ ಅದಕ್ಕೂ ಆಗತ್ತೆ. ತೆಗೆದ ಹಾರ್ಡ್ ಡಿಸ್ಕನ್ನ "ಎಕ್ಸ್‌ಚೇಂಜಿಗೆ ಕೊಡಿ, ಏನಾದ್ರೂ ಕಳೀತೀನಿ" ಅಂತ ಅಂಗಡಿಯವರು ಕೇಳಿದ್ರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದ್ರೆ ಹತ್ತು ವರ್ಷದ ಗಿರಾಕಿಗಳ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಸ್ಕ್ಯಾನು ಎಲ್ಲ ಹಾಗೇ ಕೂತಿತ್ತು. ಡಿಲೀಟ್ ಮಾಡಿದ್ರೆ, ಕ್ವಿಕ್ ಫಾರ್ಮ್ಯಾಟ್ ಹೊಡೆದ್ರೆ ಅದು ಹೋಗಲ್ಲ, ಫ್ರೀ ಸಾಫ್ಟ್‌ವೇರಲ್ಲೇ ವಾಪಸ್ ತೆಗೀಬೋದು. ಕ್ವಿಕ್ ಅನ್ನೋ ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಿ, ಅದು ಡಿಸ್ಕ್ ಪೂರ್ತಿ ಸೊನ್ನೆ ಬರೆಯತ್ತೆ, 500 ಜಿಬಿಗೆ ಗಂಟೆಗಟ್ಟಲೆ ಹಿಡಿಯತ್ತೆ, ಹಿಡಿಯಲಿ. ನಮ್ಮದರಲ್ಲಿ ಕೆಟ್ಟ ಸೆಕ್ಟರ್ ಇದ್ದದ್ದಕ್ಕೆ ಅದೂ ಅರ್ಧಕ್ಕೆ ನಿಂತೋಯ್ತು, ಹಾಗಾಗಿ ಪಕ್ಕದ ವೆಲ್ಡಿಂಗ್ ಶಾಪಿಗೆ ತಗೊಂಡು ಹೋಗಿ ಪ್ಲೇಟಿನ ನಡುವೆ ಡ್ರಿಲ್ಲಲ್ಲಿ ಮೂರು ತೂತು ಹೊಡೆಸಿ, ಆಮೇಲೆ ಇ-ವೇಸ್ಟಿಗೆ ಕೊಟ್ವಿ.